ಕೆಂಪಣ್ಣನ ಹಬ್ಬ, ಆಯಿಯ ಒಲೆ

ನಮ್ಮ ಮನೆಯಲ್ಲಿ ಒಲೆಗೆ ಇದ್ದಷ್ಟು ಮರ್ಯಾದೆ ಮನುಷ್ಯರಿಗೆ ಇರಲಿಲ್ಲ. ನೆಲೋಗಿಯ ಆ ಮನೆ ಈಗಲೂ ನಿಂತಿದೆ. ಪಡಸಾಲೆಗೆ ಟೈಲ್ಸ್ ಬಂದಿವೆ, ಅಡುಗೆಮನೆಗೆ ಗ್ಯಾಸ್ ಬಂದಿದೆ, ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬ್ ಬಿದ್ದಿದೆ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಹಳೆಯ ಮನೆಯೇ. ಹೊಸ್ತಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಒಂದು ಸಣ್ಣ ಕೋಣೆ, ಪಾವಟಿಗೆ ಏರಿದರೆ ಪರಸಿ ಕಲ್ಲು ಹಾಸಿದ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು ನೆಲದ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಅದು ಹಿಟ್ಟಿನ ಡಬ್ಬಿಯಿಂದ ಹೊರಟು ಒಲೆಯ ಬಾಯಿಗೆ ಬಂತೆಂದರೆ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಗಡಿಯಾರದ ಅವಶ್ಯಕತೆ ಆ ಮನೆಗೆ ಎಂದೂ ಬೀಳಲಿಲ್ಲ.

ಒಲೆ ಮಾತ್ರ ಅವ್ವನದಲ್ಲ, ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ನಸುಕಿನಲ್ಲೇ ಎದ್ದು ಹಿಂದಿನ ದಿನದ ಬೂದಿ ತೆಗೆದು, ಒಲೆಗೆ ದನದ ಹೆಂಡಿ ಸಾರಿಸಿ, ಅದರ ಹಣೆಗೂ ತನ್ನ ಹಣೆಗೂ ಒಂದೇ ವಿಭೂತಿ ಗಟ್ಟಿಯಿಂದ ಮೂರು ಗೆರೆ ಎಳೆಯುತ್ತಿದ್ದಳು. ಜಳಕ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿದ ಮೇಲೇ ಅದಕ್ಕೆ ಬೆಂಕಿ. ಕೊರಳಲ್ಲಿ ಲಿಂಗ ಇಲ್ಲದ ಕೈ ಮುಟ್ಟಿದ ಅಡುಗೆ ಆಕೆಗೆ ನಡೆಯುತ್ತಿರಲಿಲ್ಲ. ಹೊಲದಿಂದ ಬಂದ ನಾನೇ ಕಾಲು ತೊಳೆಯದೆ ಒಳಗೆ ಇಣುಕಿದರೆ ಊದುಗೊಳವೆ ತೋರಿಸುತ್ತಿದ್ದಳು. ಬಾಯಲ್ಲಿ ಶರಣರ ಮಾತು, ಒಲೆಯ ಸುತ್ತ ಗೆರೆ, ಎರಡೂ ಆಕೆಯಲ್ಲಿ ಒಟ್ಟಿಗೇ ಇದ್ದವು. ಇದು ಹೇಗೆ ಎಂದು ಈಗ ಯಾರಾದರೂ ವಾದ ಮಾಡಬಹುದು. ಆಗ ಆಯಿಯ ಮುಂದೆ ನಿಂತು ವಾದ ಮಾಡುವವರು ನಮ್ಮ ಓಣಿಯಲ್ಲಿ ಹುಟ್ಟಿರಲಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಜ್ವರದಲ್ಲಿ ತೀರಿಕೊಂಡಿದ್ದ. ಎತ್ತುಗಳು ಕಟ್ಟಿದಲ್ಲೇ ನಿಂತಿದ್ದವು, ಅವನ್ನು ಹೂಡುವ ಕೈ ಮನೆಯಲ್ಲಿ ಇನ್ನೊಂದಿರಲಿಲ್ಲ. ಮರುಕ ಬರಲಿ ಎಂದು ಇದನ್ನು ಬರೆಯುತ್ತಿಲ್ಲ. ಹೊಲದ ಕೆಲಸ ಇಲ್ಲದ ದಿನ ಊರ ಕುಡಿಯುವ ನೀರಿನ ಬಾವಿ ಆಳ ಮಾಡುವ ಕೆಲಸಕ್ಕೆ ಹೋಗುತ್ತಿದ್ದೆ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಕಲ್ಲು ಮೇಲಕ್ಕೆ ಎಳೆಯುವ ಕೆಲಸ. ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ, ಆದರೆ ನನ್ನ ಅಂಗೈ ಮುಟ್ಟಿದವರು ಇದು ದೊಡ್ಡ ಗಂಡಸಿನ ಕೈ ಎನ್ನುತ್ತಿದ್ದರು. ಹಾಗೆ ಅನ್ನಿಸಿಕೊಳ್ಳುವುದು ನನಗೆ ಬಹಳ ಸೇರುತ್ತಿತ್ತು.

ಆ ಬಾವಿಯ ಕೆಲಸ ತೋರಿಸಲು ಅಮೇರಿಕದಿಂದ ಒಬ್ಬ ಹುಡುಗ ಬಂದಿದ್ದ. ಹೆಸರು ಕೆವಿನ್. ತಲೆ ತುಂಬ ಒಣಮೆಣಸಿನಕಾಯಿ ಬಣ್ಣದ ಕೂದಲು, ಬಿಸಿಲಿಗೆ ಮುಖವೂ ಅದೇ ಬಣ್ಣ. ಊರಲ್ಲಿ ಯಾರೂ ಅವನಿಗೆ ಕೋಣೆ ಕೊಡಲಿಲ್ಲ. ಅವನು ಏನು ತಿನ್ನುತ್ತಾನೋ ಎಂಬ ಹೆದರಿಕೆ. ಚಾವಡಿಯಲ್ಲಿ ಬೀದಿನಾಯಿಗಳ ಜೊತೆ ಮಲಗುತ್ತಿದ್ದ. ನನಗೆ ನೋಡಲಾಗಲಿಲ್ಲ. ಮನೆಗೆ ಬಂದು ಆಯಿಯ ಮುಂದೆ ನಿಂತೆ.

“ಆಯಿ, ಮುಂದಿನ ಕ್ವಾಣಿ ಖಾಲಿ ಬಿದ್ದದ. ಆ ಸಾಹೇಬಗ ಕೊಡೂಣು.”

“ಅಂವ ಏನ್ ತಿಂತಾನ, ಗೊತ್ತದೇನು ನಿನಗ?”

“ನಾವು ತಿನ್ನೂದ ತಿಂತಾನ. ಅಡ್ಡಾತಿಡ್ಡಿ ಯಾವುದೂ ನಮ್ಮ ಹೊಸಲ ದಾಟಂಗಿಲ್ಲ. ದಾಟಿದ್ರ ಅಂವನ ಗಂಟು ನಾನ ಹೊರಗ ಒಗೀತೇನಿ.”

“ಬಾಯಿ ದೊಡ್ಡದದ ನಿಂದು. ನಿಮ್ಮಪ್ಪಂದೂ ಹಂಗ ಇತ್ತು. ಮಾತು ಕೊಟ್ಟೀದಿ ಗುರಣ್ಯಾ, ನೆನಪಿರ್ಲಿ.”

ಹೀಗೆ ಅವನು ಬಂದ. ‘ಕೆವಿನ್’ ಎಂಬುದು ಆಯಿಯ ಬಾಯಿಗೆ ಕೂರಲಿಲ್ಲ. ತಲೆ ನೋಡಿ ಕೆಂಪಣ್ಣ ಎಂದಳು, ಊರೆಲ್ಲ ಕೆಂಪಣ್ಣ ಎಂದಿತು. ಕನ್ನಡ ಅವನು ಬೇಗ ಕಲಿತ, ಆದರೆ ಮರ್ಯಾದೆಯ ‘ರಿ’ಯನ್ನು ಎಲ್ಲಿ ಹಚ್ಚಬೇಕು ಎಲ್ಲಿ ಬಿಡಬೇಕು ಎಂಬುದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ಮುಂಜಾನೆ ಬಾಗಿಲಲ್ಲಿ ಅಡ್ಡ ನಿಂತ ಎಮ್ಮೆಯ ಮುಂದೆ ಕೈಜೋಡಿಸಿ, “ಎಮ್ಮೀರಿ, ಜರಾ ಸರೀರಿ, ದಾರಿ ಬಿಡ್ರಿ” ಎನ್ನುತ್ತಿದ್ದ. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಪ್ಪ ಹೋದ ಮೇಲೆ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಡಸಾಲೆಯಲ್ಲಿ ಅವನ ಊಟ. ಆಯಿ ತಾಟಿಗೆ ಕೈ ತಾಗದಂತೆ ಮೇಲಿನಿಂದ ರೊಟ್ಟಿ ಇಳಿಸುತ್ತಿದ್ದಳು, ಪುಂಡಿಪಲ್ಯ ಬಡಿಸುತ್ತಿದ್ದಳು. ಶೇಂಗಾ ಹಿಂಡಿಯ ಖಾರದ ಪುಡಿ ನಾಲಿಗೆಗೆ ಬಿದ್ದರೆ ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಅಳಬ್ಯಾಡಪಾ, ಬೆಣ್ಣಿ ಹಚ್ಚಿಕೋ” ಎಂದು ಇನ್ನಷ್ಟು ಬೆಣ್ಣೆ ಬೀಳುತ್ತಿತ್ತು. ಉಂಡ ತಾಟನ್ನು ತಾನೇ ತೊಳೆದಿಡುತ್ತಿದ್ದ. ಗಂಡಸು ತಾಟು ತೊಳೆಯುವುದನ್ನು ನೋಡಲು ಮಗ್ಗಲ ಮನೆಯ ನಾಗಮ್ಮ ಗೋಡೆಯ ಮೇಲಿಂದ ಕತ್ತು ಚಾಚುತ್ತಿದ್ದಳು. ನನಗೆ ಅದು ಅವಮಾನ ಅನ್ನಿಸುತ್ತಿತ್ತು, ಅವನಿಗಲ್ಲ, ನನಗೆ.

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ಕಣದಲ್ಲಿ ಜೋಳದ ರಾಶಿ ನಡೆದಿತ್ತು. ಆ ದಿನಗಳಲ್ಲಿ ಕೆಂಪಣ್ಣ ಸಪ್ಪಗಾದ. ಊಟಕ್ಕೆ ಕೂತರೆ ರೊಟ್ಟಿ ಮುರಿದು ಸುಮ್ಮನೆ ನೋಡುತ್ತಿದ್ದ. ಆಯಿ ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟ.

“ಬರೂ ವಾರ ನಮ್ಮ ಮನ್ಯಾಗ ಹಬ್ಬ ಅದರಿ, ಆಯೀರಿ.”

“ಯಾವ ದೇವರದು?”

“ದೇವರಲ್ರಿ, ಒಬ್ಬ ಶರಣರು. ನಮ್ಮ ಹಿರೇರ ನಾಡಿನ್ಯಾಗಿನ ಹಾವು ಎಲ್ಲಾ ಅವರು ಓಡಿಸ್ಯಾರ್ರಿ.”

“ಎಲ್ಲಾ ಹಾವು?”

“ಎಲ್ಲಾರಿ.”

“ಹಂಗಾರ ದೊಡ್ಡ ಶರಣರ ಖರೆ. ನಮ್ಮ ಬಣವಿ ಕಡೀಗೂ ಒಂದ್ಸಲ ಬಂದು ಹೋಗ್ರಿ ಅಂತ ಹೇಳು.”

ಆಮೇಲೆ ಅವನು ಹೇಳಿದ ಕತೆಯನ್ನು ನಾವು ಕೈ ತೊಳೆಯುವುದನ್ನೂ ಮರೆತು ಕೇಳಿದೆವು. ಅವನ ಅಜ್ಜನ ಹಿರಿಯರು ಅಮೇರಿಕದವರೇ ಅಲ್ಲವಂತೆ, ಐರ್ಲೆಂಡ್ ಎಂಬ ನಾಡಿನವರು. ಆಲೂಗಡ್ಡೆಯೇ ಅವರ ರೊಟ್ಟಿ, ಆಲೂಗಡ್ಡೆಯೇ ಅವರ ಪಲ್ಯ. ಒಂದು ವರ್ಷ ನೆಲದೊಳಗೇ ಗಡ್ಡೆ ಕೊಳೆತುಹೋಯಿತು, ಮರುವರ್ಷವೂ ಕೊಳೆಯಿತು. ಜನ ಹಸಿದು ಸತ್ತರು, ಉಳಿದವರು ಹಡಗು ಹತ್ತಿ ಅಮೇರಿಕಕ್ಕೆ ಹೋದರು. ಅಲ್ಲಿ ನಾಲ್ಕು ಕಾಸು ಕಂಡ ಮೇಲೂ ಆ ಶರಣರ ದಿನ ಹಿರಿಯರ ಊಟವನ್ನೇ ಮಾಡುತ್ತಾರಂತೆ: ಬೇಯಿಸಿದ ಮಾಂಸ, ಪತ್ತಾಗೋಬಿ ಎಂಬ ಎಲೆಕೋಸು, ಆಲೂಗಡ್ಡೆ, ಮಜ್ಜಿಗೆಯಲ್ಲಿ ಕಲಸಿದ ಗೋಧಿ ರೊಟ್ಟಿ.

“ಮಾಂಸ ಇಲ್ಲಿ ಬ್ಯಾಡ್ರಿ” ಎಂದು ಅವನೇ ಕೈ ಅಡ್ಡ ಆಡಿಸಿದ. “ಉಳದದ್ದು ಎಲ್ಲಾ ನಿಮ್ಮ ಮನ್ಯಾಗ ಅದರಿ. ನಾ ಮಾಡಿ ನಿಮಗೆಲ್ಲಾ ಉಣಸ್ತೇನ್ರಿ.”

ಆಯಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಬರಗಾಲದ ಊಟಾನ ಹಬ್ಬದ ಊಟ ಮಾಡ್ಯಾರ ಅನ್ನು” ಎಂದಷ್ಟೇ ಹೇಳಿ ಒಳಗೆ ಹೋದಳು.

ಹಬ್ಬದ ಹಿಂದಿನ ಸಂಜೆ ನಾನು ಕಣದಿಂದ ಬಂದೆ. ಒಲೆ ಉರಿಯುತ್ತಿತ್ತು, ಆದರೆ ಆಯಿ ಅದರ ಮುಂದೆ ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು, ಪಕ್ಕದಲ್ಲಿ ಬಟ್ಟೆಯ ಗಂಟು. ಮಧ್ಯಾಹ್ನದ ರೊಟ್ಟಿ ತಾಟಿನಲ್ಲಿ ಹಾಗೇ ಒಣಗಿತ್ತು. ಅವ್ವ ಕಣ್ಣಲ್ಲೇ ನನ್ನನ್ನು ತಡೆದಳು. ಮಾತಾಡಿದವಳು ನಾಗಮ್ಮ.

“ಕಣ್ಣಾರೆ ನೋಡೇನಿ ಗುರಣ್ಣ. ಬಾವಿ ಕೆಲಸದ ಜೀಪಿನಾಗಿಂದ ಗಂಟು ಇಳಿಸಿದ, ಹೊರಗ ಕಟ್ಟಿ ಮ್ಯಾಲ ಬಿಚ್ಚಿದ. ತಗಡಿನ ಡಬ್ಬಿ. ಡಬ್ಬಿ ಮ್ಯಾಲ ಇಷ್ಟುದ್ದ ಕೋಡಿನ ಎತ್ತು! ಎತ್ತಿನ ಚಿತ್ರ ಬರದು ಒಳಗ ಬೆಲ್ಲ ತುಂಬತಾರೇನು?”

“ನೀ ಸುಮ್ನಿರ ನಾಗಮ್ಮ” ಎಂದಳು ಆಯಿ. ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು. “ಆ ಡಬ್ಬಿ ಈ ಮನ್ಯಾಗ ಅದ ಅಂದ್ರ ಈ ಮನೀ ಅನ್ನ ನನಗ ಬ್ಯಾಡ. ಮುಂಜಾನಿ ಬಸ್ಸಿಗಿ ಮಣ್ಣೂರಿಗಿ ಹೋಗತೇನಿ, ಮಗಳ ಮನಿಗಿ. ಭೀಮಾ ಹೊಳಿ ನೀರ ಕುಡದು ಇರತೇನಿ.”

ಆಯಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಅಪ್ಪನ ಹೆಣದ ಮುಂದೆಯೂ ಆಕೆ ಹೀಗೇ ಕೂತಿದ್ದಳು. ಆಕೆ ಒಮ್ಮೆ ಹೋದರೆ ಕರೆದರೆ ಬರುವವಳಲ್ಲ. ಮೊಮ್ಮಗ ಮುದುಕಿಯನ್ನು ಕಳಿಸಿ ಕೆಂಪು ಮನುಷ್ಯನನ್ನು ಇಟ್ಟುಕೊಂಡ ಎಂದು ಊರು ಆಡಿಕೊಳ್ಳುವುದು ಬೇರೆ ಮಾತು, ಆಯಿ ಇಲ್ಲದ ಆ ಅಡುಗೆಮನೆಯನ್ನು ನೆನೆಸಿಕೊಳ್ಳುವುದೂ ನನ್ನಿಂದಾಗಲಿಲ್ಲ. ಇತ್ತ ನಾನು ಕೊಟ್ಟ ಮಾತು. ಗಂಟು ಹೊರಗೆ ಒಗೆಯುತ್ತೇನೆ ಎಂದು ಎದೆ ಸೆಟೆಸಿ ಹೇಳಿದವನು ನಾನೇ. ನಮ್ಮ ಪಂಕ್ತಿಯಲ್ಲಿ ಇಷ್ಟು ದಿನ ಉಂಡವನನ್ನು, ಅವನ ಹಬ್ಬದ ಮುನ್ನಾದಿನ, ಬೀದಿಗೆ ನಿಲ್ಲಿಸಬೇಕು. ಸಿಟ್ಟಿನಲ್ಲೋ ಹೆದರಿಕೆಯಲ್ಲೋ ಪಾವಟಿಗೆ ಇಳಿದು ಅವನ ಕೋಣೆಗೆ ನುಗ್ಗಿದೆ.

“ಸಾಹೇಬ್ರ, ಆ ಡಬ್ಬಿ ಎಲ್ಲದ?”

ಕೆಂಪಣ್ಣ ಎದ್ದು ನಿಂತ. ನನ್ನ ರಟ್ಟೆ ಹಿಡಿದು ಹೊಸ್ತಿಲಾಚೆ ಕರೆದುಕೊಂಡು ಹೋಗಿ ನಮ್ಮ ಮನೆ ಮುಂದಿನ ಬೇವಿನ ಮರ ತೋರಿಸಿದ. ನಡುವಿನ ಕೊಂಬೆಗೆ ಒಂದು ಚೀಲ ಜೋತಾಡುತ್ತಿತ್ತು. ಚೀಲದ ಮೇಲೆ ಕಾಗೆಯೊಂದು ಕೂತು, ಕುಕ್ಕಿ ನೋಡಿ, ಟಣ್ ಎಂದ ಕೂಡಲೇ ಹಿಂದಕ್ಕೆ ಹಾರಿ, ಮತ್ತೆ ಬಂದು ಕುಕ್ಕುತ್ತಿತ್ತು.

“ಹೊಸಲ ದಾಟಿಲ್ರಿ, ಗುರಣ್ಣ” ಎಂದ. “ನೀವು ಆಯೀರಿಗಿ ಮಾತು ಕೊಟ್ಟೀರಂತ ಬಾವಿ ಮಂದಿ ಎಲ್ಲಾ ಹೇಳ್ಯಾರ್ರಿ.”

ಅಷ್ಟರಲ್ಲಿ ಅವ್ವ, ನಾಗಮ್ಮ, ಅವರ ಹಿಂದೆ ಆಯಿ ಬಾಗಿಲಿಗೆ ಬಂದಿದ್ದರು. ಆಯಿ ಹಣೆಗೆ ಕೈ ಅಡ್ಡ ಹಿಡಿದು ಮರ ನೋಡಿದಳು.

“ಅದರಾಗ ಏನದ? ಖರೇ ಹೇಳು.”

“ದನದ ಮಾಂಸ ಅದರಿ. ನಮ್ಮವ್ವ ಕಳಿಸ್ಯಾಳ, ಹಬ್ಬಕ್ಕ.”

ನಾಗಮ್ಮ “ಶಿವ ಶಿವಾ” ಎಂದು ಕಿವಿ ಮುಚ್ಚಿಕೊಂಡಳು. ಆಯಿ ಮುಚ್ಚಿಕೊಳ್ಳಲಿಲ್ಲ.

“ನಿಮ್ಮವ್ವ ಕಳಿಸಿದ್ದು?”

“ಹೌದ್ರಿ.”

ಆಯಿ ಚೀಲವನ್ನೇ ನೋಡುತ್ತ ನಿಂತಳು. ಕಾಗೆ ಇನ್ನೊಮ್ಮೆ ಟಣ್ ಎನ್ನಿಸಿತು.

“ಅವ್ವ ಕಳಿಸಿದ್ದು ಚಲ್ಲಬ್ಯಾಡ. ಊರ ಹೊರಗ ಒಯ್ದು ತಿನ್ನು, ಹಳ್ಳದಾಗ ಮೈ ತೊಕ್ಕೊಂಡು ಬಾ. ನಾ ನೋಡಿಲ್ಲ, ನಾ ಕೇಳಂಗಿಲ್ಲ.”

“ಒಬ್ಬನ ತಿಂದ್ರ ಅದು ಹಬ್ಬ ಅಲ್ರಿ, ಆಯೀರಿ. ನಮ್ಮ ದೇಶದ ಮಂದಿ ಕಲಬುರ್ಗ್ಯಾಗ ಅದಾರ. ಮುಂಜಾನಿ ಜೀಪಿನ ಡ್ರೈವರ್ ಹೋಗ್ತಾನ, ಅವರಿಗಿ ಕಳಸ್ತೇನ್ರಿ. ನಾ ನಿಮ್ಮ ಜೋಡಿ ಉಣ್ತೇನ್ರಿ.”

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ನನ್ನ ಮಾತನ್ನು ನನಗಿಂತ ಗಟ್ಟಿಯಾಗಿ ಅವನು ಕಾದಿದ್ದ. ಎಲ್ಲ ಮುಗಿಯಿತು, ಆಯಿ ಒಳಗೆ ಹೋಗಿ ಉಣ್ಣುತ್ತಾಳೆ ಎಂದುಕೊಂಡೆ. ಆದರೆ ಆಕೆ ನಾಗಮ್ಮನ ಎದುರಿಗೆ ಅನ್ನ ಬಿಟ್ಟು ಕೂತವಳು. ಅಷ್ಟು ಸುಲಭಕ್ಕೆ ಏಳುವವಳಲ್ಲ.

“ಆತು. ಅಂವನ ಹಬ್ಬ ನಮ್ಮ ಮನ್ಯಾಗ ಆಗ್ಲಿ. ಅದು ಚಂದಾಗಿ ಆತಂದ್ರ ಆ ಅಡಗೀನ ಉಂಡು ಉಪಾಸ ಬಿಡತೇನಿ. ಆದರ ಒಲಿ ಮುಟ್ಟೂ ಕೈ ಅಂವಂದಾಗಬಾರದು.”

“ನಾ ಮಾಡ್ತೇನ್ರಿ ಅತ್ತಿ” ಎಂದಳು ಅವ್ವ.

“ನೀನಲ್ಲ. ಕರಕೊಂಡು ಬಂದಾಂವ, ಮಾತು ಕೊಟ್ಟಾಂವ ಮಾಡ್ಲಿ. ಅಂವನ ಕೊಳ್ಳಾಗೂ ಲಿಂಗ ಅದ.”

“ನಾನಾ?” ಎಂದೆ. “ಗಂಡಸು ಒಲಿ ಮುಂದ ಕುಂಡ್ರೂದಾ, ಆಯಿ?”

“ಯಾಕ, ಒಲಿ ಕಚ್ಚತದೇನು?”

“ಚಂದಾಗಿ ಆಗಲಿಲ್ಲಂದ್ರ?”

“ನಾಳಿ ಮಧ್ಯಾಹ್ನನೂ ಬಸ್ಸು ಅದ” ಎಂದು ಆಯಿ ಪಡಸಾಲೆಗೆ ಮರಳಿ ಗಂಟಿನ ಮೇಲೆ ತಲೆಯಿಟ್ಟು ಅಡ್ಡಾದಳು.

ಮರುದಿನ ನಾನು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಮದುವೆಯ ಹಂದರಕ್ಕೆ ಹೋಗುವವನ ಹಾಗೆ ಅಡುಗೆಮನೆಗೆ ಕಾಲಿಟ್ಟೆ. ಹೊಗೆ ಮೊದಲು ನನ್ನನ್ನೇ ಹುಡುಕಿಕೊಂಡು ಬಂತು. ಕೆಂಪಣ್ಣ ಅಡುಗೆಮನೆಯ ಹೊಸ್ತಿಲ ಆಚೆ ಪದ್ಮಾಸನ ಹಾಕಿ ಕೂತ. ಒಳಗೆ ಬಾರದಿದ್ದುದಕ್ಕೆ ಅವನಿಗೆ ಬೇಸರ ಇದ್ದಂತೆ ಕಾಣಲಿಲ್ಲ. ತನ್ನ ಅಜ್ಜಿಯೂ ಯಾರನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ ಎಂದ. ಆಯಿ ಕಂಬಕ್ಕೆ ಒರಗಿ, ಹಿಂದಿನ ಮಧ್ಯಾಹ್ನದಿಂದ ಖಾಲಿ ಹೊಟ್ಟೆಯಲ್ಲಿ, ಎಲ್ಲವನ್ನೂ ನೋಡುತ್ತಿದ್ದಳು. ನೀರು ಮಾತ್ರ ಕುಡಿದಿದ್ದಳು. ಆಕೆಯ ತುಟಿ ಒಣಗಿದ್ದು ನನಗೆ ಒಲೆಯ ಮುಂದಿನಿಂದಲೂ ಕಾಣುತ್ತಿತ್ತು.

ಆಲೂಗಡ್ಡೆ ಬೇಯಿಸುವುದು ಕಷ್ಟವಲ್ಲ, ಬೆಂಕಿ ಇದ್ದರೆ ಅದು ತಾನೇ ಬೇಯುತ್ತದೆ. ಪತ್ತಾಗೋಬಿಯನ್ನು ಈಳಿಗೆಯಲ್ಲಿ ಹೆಚ್ಚುವಾಗ ಬೆರಳನ್ನೂ ಸ್ವಲ್ಪ ಹೆಚ್ಚಿಕೊಂಡೆ. ಬಂಡೆ ಒಡೆದ ಕೈ ಎಂದು ಬೀಗುತ್ತಿದ್ದವನು ಎಲೆಯ ಮುಂದೆ ಸೋತೆ. ಬೆಂದ ಗಡ್ಡೆಯ ಸಿಪ್ಪೆ ಸುಲಿದು, ಬಿಸಿಹಾಲು, ಬೆಣ್ಣೆ, ಉಪ್ಪು ಹಾಕಿ ಅರೆದು, ಬೆಂದ ಎಲೆ ಸೇರಿಸಬೇಕು. ಅವ್ವ ಬಾಗಿಲ ಆಚೆ ನಿಂತು ಚಡಪಡಿಸುತ್ತಿದ್ದಳು.

“ಒಗ್ಗರಣಿ ಯಾವಾಗ?”

“ಒಗ್ಗರಣಿ ಇಲ್ರಿ” ಎಂದ ಕೆಂಪಣ್ಣ.

“ಅರಿಷಿಣ?”

“ಇಲ್ರಿ.”

“ಖಾರ?”

“ಇಲ್ರಿ.”

“ಬಳ್ಳೊಳ್ಳಿ ಸೈತ?”

“ಅದೂ ಇಲ್ರಿ.”

“ಶಿವನ! ಬಾಣಂತಿಗಿ ಸೈತ ಇದಕ್ಕಿಂತ ಛಲೋ ಹಾಕತೇವಲ್ಲೋ ಯಪ್ಪಾ. ಹಬ್ಬದ ದಿನ ಮಂದಿಗಿ ಹಿಂಗ ಬಡಸತಾರೇನು?”

ನಿಜವಾಗಿ ಸೋತದ್ದು ಮಜ್ಜಿಗೆ ರೊಟ್ಟಿಯಲ್ಲಿ. ಗೋಧಿ ಹಿಟ್ಟು, ಉಪ್ಪು, ಮಿರ್ಚಿ ಭಜಿಗೆ ಹಾಕುವ ಸೋಡಾ, ಹುಳಿ ಮಜ್ಜಿಗೆ. ಇಷ್ಟೇ. ಕಲಸಿ ದುಂಡಗೆ ಮಾಡಿ ದಪ್ಪ ತಳದ ಪಾತ್ರೆಯಲ್ಲಿಟ್ಟು, ಕೆಳಗೆ ಸ್ವಲ್ಪ ಬೆಂಕಿ, ಮುಚ್ಚಳದ ಮೇಲೆ ಕೆಂಡ. ಕೆಂಪಣ್ಣ “ನಾದಬ್ಯಾಡ್ರಿ, ನಾದಬ್ಯಾಡ್ರಿ” ಎಂದು ಹೇಳುತ್ತಲೇ ಇದ್ದ. ಆದರೆ ನಾನು ಹುಟ್ಟಿದಾಗಿನಿಂದ ನೋಡಿದ್ದು ಜೋಳದ ಹಿಟ್ಟು. ಅವ್ವ ಅಂಗೈ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದಳು. ಎಷ್ಟು ನಾದಿದರೆ ಅಷ್ಟು ಒಳ್ಳೆಯ ರೊಟ್ಟಿ, ಇಲ್ಲದಿದ್ದರೆ ಬಡಿಯುವಾಗ ಹರಿಯುತ್ತದೆ. ಗಂಡಸು ಹಿಟ್ಟು ಮುಟ್ಟಿದ ಮೇಲೆ ಹೆಂಗಸರಿಗಿಂತ ಕಡಿಮೆ ನಾದುವುದುಂಟೇ? ಮೊಣಕಾಲೂರಿ, ಬೆವರು ಇಳಿಯುವ ಹಾಗೆ ನಾದಿದೆ. ಓಣಿಯ ಹೆಂಗಸರು ಬಾಗಿಲಲ್ಲಿ ಸೇರಿದ್ದರು. ಅವರಿಗೆ ಕಾಣಲಿ ಎಂದು ಇನ್ನೂ ನಾದಿದೆ.

ಮುಚ್ಚಳ ತೆಗೆದಾಗ ಒಳಗಿದ್ದದ್ದು ರೊಟ್ಟಿಯಲ್ಲ. ಕೆಂಪಣ್ಣ ಅದರ ಬುಡಕ್ಕೆ ಬೆರಳ ಗೆಣ್ಣಿನಿಂದ ಬಡಿಯಲು ಹೇಳಿದ. ಬಡಿದರೆ ಬೆರಳು ನೋಯಿತು. ಕೊಯ್ದರೆ ಹೊರಗೆ ಕಲ್ಲು, ಒಳಗೆ ಹಸಿ ಜೇಡಿಮಣ್ಣು.

“ಬಾವಿಗಿ ಒಯ್ಯೋ ಗುರಣ್ಣ” ಎಂದಳು ನಾಗಮ್ಮ ಹೊರಗಿನಿಂದ. “ಮದ್ದು ಇಟ್ಟು ಸಿಡಸೂಣು.”

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಕಂಬಕ್ಕೆ ಒರಗಿದ್ದವಳು ಕಣ್ಣು ಮುಚ್ಚಿಕೊಂಡಳು. ಬೆಳಕಿಂಡಿಯ ಬಿಸಿಲಕೋಲು ಒಲೆಯ ಬಾಯಿ ದಾಟಿ ಹೋಗಿತ್ತು, ಬಸ್ಸಿನ ಹೊತ್ತು ದೂರ ಇರಲಿಲ್ಲ. ಹಿಟ್ಟು ಇನ್ನೊಂದು ಸಲಕ್ಕೆ ಆಗುವಷ್ಟಿತ್ತು, ಮಜ್ಜಿಗೆ ಒಂದು ಹನಿ ಇರಲಿಲ್ಲ. ನನಗೆ ಅಳು ಬಂದದ್ದನ್ನು ಹೊಗೆಯ ಮೇಲೆ ಹಾಕಿದೆ. ಆಗ ನಾಗಮ್ಮ ಎದ್ದು ಹೋದಳು. ನಗುವುದು ಸಾಕಾಯಿತೇನೋ ಎಂದುಕೊಂಡೆ. ಮರಳಿ ಬಂದಾಗ ಕೈಯಲ್ಲಿ ಮಜ್ಜಿಗೆಯ ಗಡಿಗೆ ಇತ್ತು. ಅದನ್ನು ಅವ್ವನ ಕೈಗೆ ಕೊಟ್ಟು, ಆಯಿಯ ಕಡೆ ನೋಡದೆ ಹೇಳಿದಳು:

“ಮುದುಕಿ ಹಸದು ಕುಂತಾಳ. ನಾ ಡಬ್ಬಿ ಸುದ್ದಿ ತಂದಿದ್ದು ಇದನ್ನ ನೋಡಾಕೇನು? ಹಿಡಿ.”

“ಈ ಸಲ ಹ್ಯಾಂಗ ಕಲಸಲಿ, ಸಾಹೇಬ್ರ?” ಎಂದೆ. ಆ ದಿನ ನಾನು ಅವನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವನೇ ಹೇಳುತ್ತಿದ್ದ, ನಾನು ಕೇಳಿಸಿಕೊಂಡಂತೆ ಮಾಡುತ್ತಿದ್ದೆ.

“ಮುಟ್ಟೀರಿ ಅಂತ ಹಿಟ್ಟಿಗಿ ಗೊತ್ತಾಗಬಾರದ್ರಿ” ಎಂದ ಕೆಂಪಣ್ಣ.

ಹಾಗೇ ಮಾಡಿದೆ. ಬೆರಳ ತುದಿಯಲ್ಲಿ ತಿರುವಿ, ಕೂಡಿಕೊಂಡಿತೋ ಇಲ್ಲವೋ ಎನ್ನುವಾಗಲೇ ಕೈ ತೆಗೆದೆ. ಉಂಡೆ ಇನ್ನೂ ಒರಟಾಗಿತ್ತು, ಅದನ್ನು ಹಾಗೇ ಬಿಡಲು ನನಗೆ ಬಂಡೆ ಒಡೆಯುವುದಕ್ಕಿಂತ ಹೆಚ್ಚು ಕಷ್ಟವಾಯಿತು. ಮೇಲೆ ಚಾಕುವಿನಿಂದ ಅಡ್ಡಲಾಗಿ ಒಂದು, ಉದ್ದಕ್ಕೆ ಒಂದು ಗೆರೆ ಕೊಯ್ಯಬೇಕು ಎಂದ.

“ಅದ್ಯಾಕ?” ಕಣ್ಣು ಮುಚ್ಚಿದ್ದ ಆಯಿ ಕೇಳಿದಳು.

“ಒಳಗಿನ ದೆವ್ವ ಹೊರಗ ಹೋಗ್ಲಿ ಅಂತ ನಮ್ಮಜ್ಜಿ ಹೇಳ್ತಿದ್ಲುರಿ.”

“ಹಂಗಾರ ಆಳ ಕೊಯ್ಯೋ ಗುರಣ್ಯಾ. ಮೊದಲಿನ ರೊಟ್ಟ್ಯಾಗ ದೆವ್ವ ಒಳಗ ಉಳದಿತ್ತು.”

ಎರಡನೆಯ ರೊಟ್ಟಿ ಕೆಂಡದ ಕೆಳಗೆ ಇರುವಾಗಲೇ ಸ್ಟ್ಯಾಂಡಿನಲ್ಲಿ ಬಸ್ಸು ಹಾರನ್ ಹೊಡೆಯಿತು. ನಮ್ಮ ಊರಿನ ಬಸ್ಸು ಬಂದಾಗ ಒಮ್ಮೆ, ಬಿಡುವಾಗ ಒಮ್ಮೆ ಹೊಡೆಯುತ್ತಿತ್ತು. ಅವ್ವ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ನಾನು ಮುಚ್ಚಳದ ಮೇಲಿನ ಕೆಂಡವನ್ನೇ ನೋಡುತ್ತಿದ್ದೆ. ಎರಡನೆಯ ಹಾರನ್ ಆಯಿತು. ಬಸ್ಸು ಜೇವರ್ಗಿಯ ರಸ್ತೆ ಹಿಡಿದ ಸದ್ದು ಕ್ಷೀಣವಾಗುತ್ತ ಹೋಯಿತು.

“ಹೊತ್ತಸಬ್ಯಾಡ ಮತ್ತ” ಎಂದಳು ಆಯಿ. “ವಾಸನಿ ಬರಾಕತ್ತದ, ತಗಿ.”

ತೆಗೆದೆ. ಹೊಂಬಣ್ಣ ಬಂದಿತ್ತು, ಕೊಯ್ದ ಗೆರೆಗಳು ಬಿರಿದು ಅಗಲವಾಗಿದ್ದವು. ಬಟ್ಟೆಯಲ್ಲಿ ಹಿಡಿದು ತಿರುವಿ ಬುಡಕ್ಕೆ ಬಡಿದೆ. ಡಬ್ ಡಬ್ ಎಂದಿತು, ಕುಂಬಾರರ ಮನೆಯಲ್ಲಿ ಒಳ್ಳೆಯ ಗಡಿಗೆಯನ್ನು ಬಡಿದು ನೋಡುವಾಗ ಬರುವ ಸದ್ದು. ಹೊಸ್ತಿಲಾಚೆ ಕೆಂಪಣ್ಣ ಎರಡೂ ಕೈ ಮೇಲಕ್ಕೆ ಎತ್ತಿ ತನ್ನ ಭಾಷೆಯಲ್ಲಿ ಏನೋ ಕೂಗಿದ.

ಆಯಿ ಎದ್ದು ಕೈಕಾಲು ತೊಳೆದುಕೊಂಡು ಬಂದು ಕೂತಳು. ನಾನು ತಾಟಿಗೆ ಆಲೂಗಡ್ಡೆ ಬಡಿಸಿ, ನಡುವೆ ಗುಣಿ ಮಾಡಿ ಬೆಣ್ಣೆ ಇಟ್ಟು, ಪಕ್ಕಕ್ಕೆ ಬಿಸಿ ರೊಟ್ಟಿಯ ಚೂರು ಇಟ್ಟೆ. ಆಯಿ ಎದೆಯ ಮೇಲಿನ ಲಿಂಗ ಕೈಗೆ ತೆಗೆದುಕೊಂಡು, ತಾಟಿನ ಮುಂದೆ ಹಿಡಿದು, ಕಣ್ಣು ಮುಚ್ಚಿದಳು. ತನ್ನ ದೇವರಿಗೆ ತೋರಿಸದೆ ಆಕೆ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಆ ದಿನ ತೋರಿಸಿದಳು. ಹಾಗಾದರೆ ಅದು ಊಟ ಎಂದು ಒಪ್ಪಿದಂತೆಯೇ ಆಯಿತು. ಒಂದು ತುತ್ತು ಬಾಯಿಗೆ ಹೋಯಿತು. ಓಣಿಯ ಹೆಂಗಸರೆಲ್ಲ ಆಕೆಯ ಗದ್ದ ಆಡುವುದನ್ನೇ ನೋಡಿದರು.

“ಸಪ್ಪಗದ” ಎಂದಳು.

ನಾನು ಆಕೆಯ ಬಟ್ಟೆಯ ಗಂಟಿನ ಕಡೆ ನೋಡಿದೆ.

“ಸಪ್ಪಗದ, ಆದರ ಅಗಿಯೂ ತಕರಾರ ಇಲ್ಲ.” ಇನ್ನೊಂದು ತುತ್ತು ನುಂಗಿದಳು. “ಕೆಂಪಣ್ಣ, ನಿಮ್ಮ ಹಿರೇರು ಹಲ್ಲು ಬಿದ್ದವರ ಸಲುವಾಗೇ ಈ ಅಡಗಿ ಮಾಡ್ಯಾರ ನೋಡು. ಇಷ್ಟು ವರ್ಷ ಜ್ವಾಳದ ರೊಟ್ಟಿ ನೆನಸಿ ನೆನಸಿ ನುಂಗೇನಿ, ಒಬ್ಬರಾದರೂ ನನಗ ಇದನ್ನ ಹೇಳಲಿಲ್ಲ. ಲೇ ಗುರಣ್ಯಾ, ಇನ್ನ ಜರಾ ನೀಡು. ಬೆಣ್ಣಿ ಕಂಜೂಸತನ ಮಾಡಬ್ಯಾಡ.”

ಆಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತರು. ಕೆಂಪಣ್ಣ ತಲೆ ತಗ್ಗಿಸಿಕೊಂಡು ಉಂಡ. ಅವನ ಕಣ್ಣಲ್ಲಿ ನೀರಿತ್ತು, ಖಾರ ಮಾತ್ರ ಇರಲಿಲ್ಲ. ನಾಗಮ್ಮ ಮನೆಯಿಂದ ಶೇಂಗಾ ಹಿಂಡಿ ತರಿಸಿ ಕಲಸಿಕೊಂಡಳು, ಅವ್ವನೂ ಕದ್ದು ಕಲಸಿಕೊಂಡಳು. ನಾನು ಸೌಟು ಹಿಡಿದು ನಿಂತವನು ನಿಂತೇ ಇದ್ದೆ. ಯಾರ ತಾಟು ಖಾಲಿ, ಯಾರಿಗೆ ಬೇಕು, ಯಾರು ಬೇಡ ಎಂದರೂ ಬೇಕು, ಇದು ನನ್ನ ಕಣ್ಣಿಗೆ ತಾನಾಗಿ ಕಾಣತೊಡಗಿತು. ಮುಂದೆ ಜೇವರ್ಗಿಯಲ್ಲಿ ಖಾನಾವಳಿ ಇಟ್ಟು ಅದರಲ್ಲೇ ಬದುಕು ಕಟ್ಟಿದವನು ನಾನು. ಶಾಲೆ ಕಲಿಯದವನು ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳುವವರಿಗೆ ಕೈ ತೋರಿಸಿ ನಕ್ಕುಬಿಡುತ್ತೇನೆ. ಇಷ್ಟೆಲ್ಲ ಹೇಳಲು ಗಿರಾಕಿಗಳ ನಡುವೆ ಪುರುಸೊತ್ತು ಎಲ್ಲಿದೆ.

ಎಲ್ಲರದೂ ಆದ ಮೇಲೆ ನಾನು ಪಾತ್ರೆಯ ತಳ ಕೆರೆದುಕೊಂಡು ಒಲೆಯ ಮುಂದೆಯೇ ಕೂತು ಉಂಡೆ. ತಳ ಹಿಡಿದು ಕಂದಿದ ಆಲೂಗಡ್ಡೆ ಬಹಳ ರುಚಿಯಾಗಿತ್ತು. ಹೊರಗೆ ಮಾತು ಒಮ್ಮೆಲೇ ನಿಂತಿತು. ಏನಾಯಿತೋ ಎಂದು ತಾಟು ಹಿಡಿದೇ ಎದ್ದು ಬಂದೆ. ಅವ್ವ ತುಟಿಗೆ ಬೆರಳಿಟ್ಟು ಸದ್ದು ಮಾಡಬೇಡ ಎಂದಳು. ಕೆಂಪಣ್ಣ ಉಂಡ ತಾಟು ಎತ್ತಿಕೊಂಡು ತುದಿಗಾಲಲ್ಲಿ ಹಿತ್ತಲಿಗೆ ಹೋಗುತ್ತಿದ್ದ. ಪಡಸಾಲೆಯ ತಂಪು ಪರಸಿಯ ಮೇಲೆ, ಕೈಯನ್ನೇ ತಲೆಗಿಂಬು ಮಾಡಿಕೊಂಡು, ಹೊಟ್ಟೆ ತುಂಬಿದ ಆಯಿ ಮಲಗಿಬಿಟ್ಟಿದ್ದಳು. ಗೊರಕೆ ಹೊಡೆಯುತ್ತಿದ್ದಳು. ನಾನು ಅಲ್ಲೇ ಬಾಗಿಲಿಗೆ ಒರಗಿ, ಅದನ್ನು ಕೇಳುತ್ತ, ಉಳಿದ ತುತ್ತು ಮುಗಿಸಿದೆ.